ಎತ್ತಿಟ್ಟ ಬ್ಲೂಟೂತ್ ಸ್ಪೀಕರ್ ಚಾರ್ಜ್ ಆಗ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗಣೇಶನ ಹಬ್ಬ ಮುಗಿದ ಮೇಲೆ ಅಟ್ಟಕ್ಕೆ ಹೋದ ಸ್ಪೀಕರ್ ಯುಗಾದಿಗೋ, ಅಲಾಯಿ ಹಬ್ಬಕ್ಕೋ (ಮೊಹರಂ), ಮನೆಯ ಮದುವೆಗೋ ಕೆಳಗೆ ಇಳಿಯುತ್ತದೆ. ಪಿನ್ ಚುಚ್ಚಿದರೆ ಲೈಟು ಹತ್ತುವುದಿಲ್ಲ. ರಾಯಚೂರು, ಮಾನ್ವಿ, ಸಿಂಧನೂರು ಕಡೆಯವರು ಇದೇ ಪ್ರಶ್ನೆ ಮತ್ತೆ ಮತ್ತೆ ಕೇಳ್ತಾರೆ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿದ್ದೇನೆ. ಇಂಥ ಸ್ಪೀಕರ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ, ಬ್ಯಾಟರಿ ತೀರಾ ಕೆಳಗೆ ಇಳಿದಿರುತ್ತದೆ ಅಷ್ಟೆ. ಅವಸರ ಮಾಡದೆ ನಿಧಾನಕ್ಕೆ ಕರೆಂಟು ಕೊಟ್ಟರೆ ಎದ್ದು ಕೂರುತ್ತವೆ. ಏಳದಿದ್ದಾಗ ಎಲ್ಲಿ ಕೈ ಬಿಡಬೇಕು ಅನ್ನೋದೂ ಗೊತ್ತಿರಬೇಕು, ಯಾಕಂದ್ರೆ ಒಳಗಿರೋದು ಲಿಥಿಯಂ.

ಚಾರ್ಜರ್ ಹಾಕಿದರೆ ಲೈಟೇ ಹತ್ತಲ್ಲ. ಸ್ಪೀಕರ್ ಸತ್ತೇ ಹೋಯ್ತಾ?

ಅಷ್ಟು ಬೇಗ ಹಾಗೆ ಅನ್ನಬೇಡಿ. ಸಣ್ಣ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಲಿಥಿಯಂ ಅಯಾನ್ ಸೆಲ್ ಇರುತ್ತದೆ. ಅದರ ಮೇಲೆ 3.7 ವೋಲ್ಟ್ ಅಂತ ಬರೆದಿರುತ್ತೆ, ಪೂರ್ತಿ ತುಂಬಿದಾಗ 4.2 ಇರುತ್ತೆ. ವೋಲ್ಟೇಜ್ ತೀರಾ ಇಳಿದರೆ ಸೆಲ್ಲಿನ ತಲೆ ಮೇಲಿರುವ ಸಣ್ಣ ರಕ್ಷಣಾ ಬೋರ್ಡು ಸಂಪರ್ಕ ಕಡಿದುಬಿಡುತ್ತದೆ. ಸಾದಾ ಬೋರ್ಡುಗಳಲ್ಲಿ ಇದು 2.4 ವೋಲ್ಟ್ ಹತ್ತಿರ ಆಗುತ್ತೆ. ಆಮೇಲೆ ಸ್ಪೀಕರಿಗೆ ಬ್ಯಾಟರಿ ಇದೆ ಅನ್ನೋದೇ ಗೊತ್ತಾಗುವುದಿಲ್ಲ. ಲೈಟು ಹತ್ತದಿರೋಕೆ ಬಹಳ ಸಲ ಕಾರಣ ಇಷ್ಟೇ.

ಆಫ್ ಮಾಡಿಯೇ ಇಟ್ಟಿದ್ದೆ. ಖಾಲಿ ಹೇಗಾಯ್ತು?

ಬಟನ್ ಒತ್ತಿ ಆಫ್ ಮಾಡುವ ಸ್ಪೀಕರ್ ಪೂರ್ತಿ ಆಫ್ ಆಗಿರುವುದಿಲ್ಲ. ಬಟನ್ ಯಾವಾಗ ಒತ್ತುತ್ತಾರೋ ಅಂತ ಒಳಗಿನ ಸರ್ಕ್ಯೂಟ್ ಕಾಯ್ತಾನೇ ಇರುತ್ತೆ, ಅದಕ್ಕೆ ಚೂರು ಚೂರು ಕರೆಂಟು ಬೇಕು. ಸೆಲ್ಲು ತಾನಾಗಿಯೇ ತಿಂಗಳಿಗೆ ಸ್ವಲ್ಪ ಕಳಕೊಳ್ಳುತ್ತೆ. ಸೆಕೆ ಜಾಸ್ತಿ ಆದಷ್ಟೂ ಈ ಸೋರಿಕೆ ಜಾಸ್ತಿ. ಹಬ್ಬದ ದಿನ ರಾತ್ರಿ ಹಾಡು ನಿಲ್ಲೋವರೆಗೂ ಬಾರಿಸಿ, ಚಾರ್ಜ್ ಮಾಡದೆ ಹಾಗೇ ಎತ್ತಿಟ್ಟರೆ, ಉಳಿದ ಚೂರೂ ಕೆಲವು ತಿಂಗಳಲ್ಲಿ ಹೋಗುತ್ತದೆ. ಸೈಡಿಗೆ ತಳ್ಳುವ ಸ್ವಿಚ್ ಇರುವ ಹಳೇ ಮಾಡೆಲ್‌ಗಳು ಈ ವಿಷಯದಲ್ಲಿ ಒಳ್ಳೆಯವು, ಅವುಗಳಲ್ಲಿ ಸ್ವಿಚ್ ಸಂಪರ್ಕವನ್ನೇ ಕಡಿಯುತ್ತದೆ.

ಮೊದಲು ಏನು ನೋಡಬೇಕು?

ಕೇಬಲ್. ಆಮೇಲೆ ಚಾರ್ಜರ್. ಆಮೇಲೆ ಸ್ಪೀಕರಿನ ಪಿನ್ ಹಾಕುವ ತೂತು. ಇದೇ ಕ್ರಮದಲ್ಲಿ ನೋಡಿ. ಬೇರೆ ಫೋನ್ ಚಾರ್ಜ್ ಆಗ್ತಿರೋ ಕೇಬಲನ್ನೇ, ಅದೇ ಚಾರ್ಜರಿನ ಜೊತೆ ಹಾಕಿ. ಹಳೇ ಸಣ್ಣ ಪಿನ್ನಿನ ಕೇಬಲ್‌ಗಳು ಬುಡದಲ್ಲಿ ಒಳಗೇ ಮುರಿದಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ.

ತೂತನ್ನು ಮೊಬೈಲ್ ಟಾರ್ಚ್ ಹಿಡಿದು ನೋಡಿ. ರಾಯಚೂರಿನ ಹತ್ತಿ ಗಿರಣಿಗಳ ಹತ್ತಿರ ಇರುವ ಮನೆಗಳಲ್ಲಿ, ಹತ್ತಿ ಬಿಡಿಸುವಾಗ ಹೊಲಕ್ಕೆ ಒಯ್ದ ಸ್ಪೀಕರ್‌ಗಳಲ್ಲಿ, ಈ ತೂತಿನ ತಳಕ್ಕೆ ಹತ್ತಿಯ ಎಳೆ ಮತ್ತು ಮಣ್ಣು ಸೇರಿ ಒಂದು ಗಟ್ಟಿ ಪದರ ಕೂತಿರುತ್ತೆ. ಪಿನ್ ಹಾಕಿದಾಗಲೆಲ್ಲ ಅದು ಇನ್ನೂ ಒಳಕ್ಕೆ ಒತ್ತುತ್ತೆ. ನೋಡೋಕೆ ತೂತಿನ ತಳದಂತೆಯೇ ಕಾಣುತ್ತೆ, ಕಸ ಅಂತ ಅನಿಸುವುದೇ ಇಲ್ಲ. ಗುರುತು ಏನಂದ್ರೆ ಪಿನ್ ಪೂರ್ತಿ ಒಳಗೆ ಹೋಗಿ ಟಕ್ ಅನ್ನುವುದಿಲ್ಲ, ಚೂರು ಹೊರಗೇ ನಿಲ್ಲುತ್ತದೆ. ಚಾರ್ಜರ್ ತೆಗೆದು, ಸ್ಪೀಕರ್ ಆಫ್ ಮಾಡಿ, ಹಲ್ಲಿನ ಕಟ್ಟಿಗೆ ಕಡ್ಡಿಯಿಂದ ಅಂಚಿನ ಕಡೆಯಿಂದ ಮೆಲ್ಲಗೆ ಎಬ್ಬಿಸಿ. ನಡುವಿನ ನಾಲಿಗೆಗೆ ಒತ್ತಡ ಬೀಳಬಾರದು. ಸೂಜಿ, ಗುಂಡುಪಿನ್ನು, ಸಿಮ್ ತೆಗೆಯುವ ಕಡ್ಡಿ ಬೇಡವೇ ಬೇಡ. ಒಳಗೆ ಹಸಿರು ಕಿಲುಬು ಕಂಡರೆ ನೀರು ಹೋಗಿದೆ ಅಂತ ಅರ್ಥ. ಅದನ್ನು ಅಂಗಡಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆಸಿ, ಅಥವಾ ಆ ಜಾಕನ್ನೇ ಬದಲಿಸಿ.

ಎರಡೂ ಕಡೆ ಸಿ ಟೈಪ್ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗಲ್ಲ, ಹಳೇ ಕೇಬಲ್ ಹಾಕಿದರೆ ಆಗುತ್ತೆ. ಇದೇನು?

ಬ್ಯಾಟರಿ ಚೆನ್ನಾಗಿದೆ ಅಂತ ಖುಷಿ ಪಡಿ. ಸಿ ಟೈಪ್ ಚಾರ್ಜರ್ ಸುಮ್ನೆ ಕರೆಂಟು ಬಿಡುವುದಿಲ್ಲ. ಎದುರಿಗೆ 5.1 ಕಿಲೋ ಓಮ್‌ನ ಎರಡು ಸಣ್ಣ ರೆಸಿಸ್ಟರ್ ಇದೆಯಾ ಅಂತ ನೋಡಿ, ಆಮೇಲೆ ಬಿಡುತ್ತೆ. ಕಡಿಮೆ ಬೆಲೆಯ ಎಷ್ಟೋ ಸ್ಪೀಕರ್‌ಗಳಲ್ಲಿ ಅವನ್ನು ಹಾಕಿರುವುದೇ ಇಲ್ಲ. ಹಾಗಾಗಿ ಒಂದು ಕಡೆ ಅಗಲ ಪಿನ್ನು, ಇನ್ನೊಂದು ಕಡೆ ಸಿ ಇರುವ ಕೇಬಲನ್ನು ಹಳೇ 5 ವೋಲ್ಟ್ ಚಾರ್ಜರಿಗೆ ಹಾಕಿ. ಹೊಸ ಫೋನಿನ ಬಾಕ್ಸಿನಲ್ಲಿ ಬಂದ ಕೇಬಲ್ ಮಾತ್ರ ಬಳಸುವ ಮನೆಗಳಲ್ಲಿ ಈ ಒಂದು ಕಾರಣಕ್ಕೇ ಒಳ್ಳೊಳ್ಳೆ ಸ್ಪೀಕರ್ ಗುಜರಿಗೆ ಹೋಗ್ತಿವೆ, ಅದನ್ನು ನೋಡಿದರೆ ಬೇಜಾರಾಗುತ್ತದೆ.

ಎಷ್ಟು ಹೊತ್ತು ಚಾರ್ಜಿಗೆ ಬಿಡಬೇಕು?

ಐದು ನಿಮಿಷ ನೋಡಿ ತೆಗೆಯಬೇಡಿ. ಮೊದಲ ಅರ್ಧ ಗಂಟೆ ಏನೂ ಕಾಣದಿದ್ದರೂ ಬಿಡಿ. ಸೆಲ್ ತೀರಾ ಕೆಳಗಿದ್ದಾಗ ಸರಿಯಾದ ಚಾರ್ಜಿಂಗ್ ಐಸಿ, ಅಂದ್ರೆ ಚಾರ್ಜ್ ನೋಡಿಕೊಳ್ಳುವ ಸಣ್ಣ ಚಿಪ್, ಒಮ್ಮೆಲೇ ಪೂರ್ತಿ ಕರೆಂಟು ಕೊಡುವುದಿಲ್ಲ. ಮೂರು ದಿನ ಉಪವಾಸ ಇದ್ದವರಿಗೆ ಮೊದಲು ಗಂಜಿ ಕೊಡ್ತೀವಲ್ಲ, ಹಾಗೆ. ಉದಾಹರಣೆಗೆ ಟಿಪಿ 4056 ಅನ್ನೋ ಐಸಿ, ಅಗ್ಗದ ಸಾಮಾನುಗಳಲ್ಲಿ ಇದು ಸಿಕ್ಕೇ ಸಿಗುತ್ತೆ, 2.9 ವೋಲ್ಟ್ ಮುಟ್ಟೋವರೆಗೆ ತನ್ನ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಕೊಡುತ್ತದೆ. ಅದು ದಾಟಿದ ಮೇಲೆ ಮಾಮೂಲು ಚಾರ್ಜಿಂಗ್ ಶುರು.

ಮೂರು ನಾಲ್ಕು ಗಂಟೆ ಬಿಡಿ, ನಡುವೆ ಒಂದೆರಡು ಸಲ ಪಿನ್ ತೆಗೆದು ಮತ್ತೆ ಹಾಕಿ. ಕೆಲವು ಐಸಿಗಳಲ್ಲಿ ಟೈಮರ್ ಇರುತ್ತೆ, ಮುಗಿದ ಮೇಲೆ ನಿಂತುಬಿಡುತ್ತೆ, ತೆಗೆದು ಹಾಕಿದರೆ ಮತ್ತೆ ಶುರುವಾಗುತ್ತೆ. ನೀವು ಎಚ್ಚರ ಇರುವ ಹೊತ್ತಲ್ಲೇ ಇದನ್ನು ಮಾಡಿ, ಹಗಲಲ್ಲಿ, ಕಣ್ಣೆದುರಿಗೆ. ಹಾಸಿಗೆ, ಸೋಫಾ, ಹತ್ತಿ ಚೀಲ, ಯಾವುದರ ಮೇಲೂ ಇಡಬೇಡಿ. ಬಂಡೆಯ ನೆಲದ ಮೇಲೆ ಇಡಿ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಶಹಾಬಾದ್ ಬಂಡೆ ಇರುತ್ತೆ ಅಲ್ವಾ, ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಕರೆಂಟು ಹೋಗುತ್ತೆ, ಪವರ್ ಬ್ಯಾಂಕಿನಿಂದ ಮಾಡಬಹುದಾ?

ಆಗಲ್ಲ ಅಂತಿಲ್ಲ, ಆದರೆ ಒಂದು ತೊಡಕಿದೆ. ಪವರ್ ಬ್ಯಾಂಕ್ ತುಂಬಾ ಕಡಿಮೆ ಕರೆಂಟು ಹೋಗ್ತಿದ್ರೆ, ಏನೂ ಜೋಡಿಸಿಲ್ಲ ಅಂದುಕೊಂಡು ತಾನೇ ಬಂದ್ ಆಗುತ್ತೆ. ಖಾಲಿ ಸೆಲ್ಲು ಶುರುವಿನಲ್ಲಿ ಎಳೆಯೋದು ಅಷ್ಟೇ ಕರೆಂಟು. ಹಾಗಾಗಿ ಮೊದಲ ಹಂತಕ್ಕೆ ಗೋಡೆಯ ಚಾರ್ಜರ್ ಅಥವಾ ಲ್ಯಾಪ್‌ಟಾಪ್ ಬಳಸಿ.

65 ವಾಟ್ ಫಾಸ್ಟ್ ಚಾರ್ಜರ್ ಹಾಕಿದರೆ ಬೇಗ ಏಳುತ್ತಾ?

ಇಲ್ಲ. ಎಷ್ಟು ಎಳೀಬೇಕು ಅಂತ ತೀರ್ಮಾನ ಮಾಡೋದು ಸ್ಪೀಕರಿನ ಬೋರ್ಡು. ಒಳ್ಳೆ ಕಂಪನಿಯ ಫಾಸ್ಟ್ ಚಾರ್ಜರಿಂದ ಹಾನಿಯೂ ಇಲ್ಲ, ಲಾಭವೂ ಇಲ್ಲ. 5 ವೋಲ್ಟ್, 1 ಆಂಪಿಯರ್‌ನ ಹಳೇ ಚಾರ್ಜರ್ ಸಾಕು.

ಬಿಚ್ಚದೆ ಒಳಗೆ ಏನಾಗ್ತಿದೆ ಅಂತ ತಿಳಿಯೋಕೆ ದಾರಿ ಇದೆಯಾ?

ಇದೆ, ಮತ್ತೆ ಇದು ನನಗೆ ತುಂಬಾ ಇಷ್ಟವಾದ ಸಾಮಾನು. ಯುಎಸ್‌ಬಿ ಟೆಸ್ಟರ್ ಅಂತ ಸಿಗುತ್ತೆ, ಬೆರಳುದ್ದ ಇರುತ್ತೆ. ಚಾರ್ಜರಿಗೂ ಕೇಬಲಿಗೂ ನಡುವೆ ಹಾಕಿದರೆ ವೋಲ್ಟು, ಆಂಪಿಯರ್ ಎರಡನ್ನೂ ತೋರಿಸುತ್ತೆ.

5 ವೋಲ್ಟ್ ಇದ್ದು ಆಂಪಿಯರ್ 0.00 ಅಂತ ನಿಂತೇ ಇದ್ದರೆ ಕರೆಂಟು ಒಳಗೆ ಹೋಗ್ತಾನೇ ಇಲ್ಲ. ಕೇಬಲ್, ಜಾಕ್ ಅಥವಾ ಚಾರ್ಜಿಂಗ್ ಐಸಿ ಕಡೆ ನೋಡಬೇಕು. 0.05ರಿಂದ 0.15ರವರೆಗೆ ತೋರಿಸಿದರೆ ಕಾಯಿರಿ, ಅದೇ ಆ ನಿಧಾನದ ಹಂತ ಇರಬಹುದು. ಲೈಟು ಇನ್ನೂ ಹತ್ತಿರುವುದಿಲ್ಲ, ಮನೆಯವರು ಬಿಸಾಕು ಅಂತಿರ್ತಾರೆ, ಆದರೆ ಆ ಸಣ್ಣ ಪರದೆಯಲ್ಲಿ 0.09 ಇದ್ದದ್ದು 0.11 ಆಗುತ್ತೆ, ಆಮೇಲೆ ಇದ್ದಕ್ಕಿದ್ದಂತೆ 0.60, 0.80 ಅಂತ ಹಾರುತ್ತೆ, ಅದೇ ಹೊತ್ತಿಗೆ ಕೆಂಪು ಲೈಟು ಹತ್ತುತ್ತದೆ. ಬ್ಯಾಟರಿ ಉಳಿಯಿತು ಅಂತ ಅರ್ಥ. ಅದೇ 0.10ರ ಹತ್ತಿರ ನಾಲ್ಕು ಗಂಟೆಯಾದರೂ ಅಲ್ಲಾಡದೆ ನಿಂತಿದ್ದು ಸ್ಪೀಕರ್ ಬೆಚ್ಚಗಾಗ್ತಿದ್ದರೆ ತೆಗೆದುಬಿಡಿ. ಸೆಲ್ಲು ಒಳಗೇ ಶಾರ್ಟ್ ಆಗಿರಬಹುದು.

ಬಿಚ್ಚಿ ಮಲ್ಟಿಮೀಟರ್ ಹಿಡಿದು ನೋಡಬಹುದಾ?

ಕೈ ಪಳಗಿದವರು ನೋಡಬಹುದು. ರಿಪೇರಿ ಗೊತ್ತಿಲ್ಲದವರು ಅಂಗಡಿಗೆ ಒಯ್ಯಿರಿ. ವಾರಂಟಿ ಇದ್ದರೆ ಬಿಚ್ಚಲೇಬೇಡಿ.

ಬಿಚ್ಚುವವರು ಮೊದಲು ಬ್ಯಾಟರಿ ಎಷ್ಟು ಸೆಲ್ಲಿನದು ಅಂತ ನೋಡಿ. ಒಂದೇ ಸೆಲ್ ಆದರೆ ಲೆಕ್ಕ ಸುಲಭ. ಕೆಂಪು ಕಪ್ಪು ವೈರುಗಳ ಮೇಲೆ ಅಳೆದಾಗ 0 ಬಂದರೆ ಗಾಬರಿಯಾಗಬೇಡಿ, ಅದು ರಕ್ಷಣಾ ಬೋರ್ಡು ಕಡಿದಿರುವ ಲಕ್ಷಣ. ಬೋರ್ಡಿನ ಹಿಂದೆ, ಸೆಲ್ಲಿನಿಂದಲೇ ಬರುವ ಎರಡು ಲೋಹದ ಪಟ್ಟಿಗಳ ಮೇಲೆ ಅಳೆಯಿರಿ, ನಿಜವಾದ ವೋಲ್ಟೇಜ್ ಸಿಗೋದು ಅಲ್ಲಿ. ಮೀಟರಿನ ಎರಡು ಮೊನೆ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

2.5ರ ಮೇಲಿದ್ದರೆ ಸಾಮಾನ್ಯವಾಗಿ ಮಾಮೂಲು ಚಾರ್ಜರಿಗೇ ಏಳುತ್ತೆ. 2ರಿಂದ 2.5ರ ನಡುವೆ ಇದ್ದರೆ ಎದ್ದರೂ ಏಳಬಹುದು, ಕಣ್ಣಿಟ್ಟು ನಿಧಾನಕ್ಕೆ ಚಾರ್ಜ್ ಮಾಡಬೇಕು, ಬಿಸಿಯಾದರೆ ನಿಲ್ಲಿಸಬೇಕು. 2ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದ ಸೆಲ್ಲನ್ನು ಎಬ್ಬಿಸುವ ಆಸೆ ಬಿಡಿ. ಅಷ್ಟು ಕೆಳಗೆ ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗುವ ಅಪಾಯ ಇದೆ. ಆ ಸೆಲ್ಲು ಇವತ್ತು ಚಾರ್ಜ್ ಆದರೂ ನಾಳೆ ಏನು ಮಾಡುತ್ತೋ ಹೇಳೋಕೆ ಬರಲ್ಲ. ಹೊಸದು ಹಾಕಿ.

ಎರಡು ಸೆಲ್ ಸಾಲಾಗಿ ಜೋಡಿಸಿದ 7.4 ವೋಲ್ಟ್ ಬ್ಯಾಟರಿ ಇದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಒಂದು ಸೆಲ್ ಮೇಲೆ, ಒಂದು ಕೆಳಗೆ ಇದ್ದಾಗ ಜಾಸ್ತಿ ತುಂಬಿದ್ದು ಮಿತಿ ಮೀರಬಹುದು.

ವಿಡಿಯೋದಲ್ಲಿ 9 ವೋಲ್ಟ್ ಬ್ಯಾಟರಿ ತಾಗಿಸಿ ಎಬ್ಬಿಸ್ತಾರಲ್ಲ?

ಮಾಡಬೇಡಿ. ದಯವಿಟ್ಟು ಮಾಡಬೇಡಿ. ಖಾಲಿ ಲಿಥಿಯಂ ಸೆಲ್ಲಿಗೆ ಮಿತಿ ಇಲ್ಲದೆ ಕರೆಂಟು ನುಗ್ಗಿಸಿದರೆ ಏನಾಗುತ್ತೆ ಅನ್ನೋದು ಆ ಸೆಲ್ಲಿನ ಒಳಗೆ ಎಷ್ಟು ಹಾಳಾಗಿದೆ ಅನ್ನೋದರ ಮೇಲೆ ಹೋಗುತ್ತೆ, ಮತ್ತೆ ಅದು ಹೊರಗಿನಿಂದ ಕಾಣಲ್ಲ. ಇನ್ನೊಂದು ತುಂಬಿದ ಬ್ಯಾಟರಿಯನ್ನು ವೈರ್ ಹಿಡಿದು ನೇರ ಜೋಡಿಸೋದೂ ಅಷ್ಟೇ ಅಪಾಯ. ಫ್ರಿಜ್ಜಿನಲ್ಲಿ ಇಟ್ಟರೆ ಸರಿಹೋಗುತ್ತೆ ಅನ್ನೋದು ಸುಳ್ಳು, ಒಳಗೆ ತೇವ ಸೇರುತ್ತೆ ಅಷ್ಟೆ. ಬಿಸಿಲಿಗೆ ಇಡೋದೂ ಬೇಡ. ಅಂಗಡಿಯವರ ಹತ್ತಿರ ವೋಲ್ಟು, ಆಂಪಿಯರ್ ಎರಡನ್ನೂ ಕಟ್ಟಿಹಾಕುವ ಪವರ್ ಸಪ್ಲೈ ಇರುತ್ತೆ. ಅವರು 50, 100 ಮಿಲಿ ಆಂಪಿಯರ್‌ಗೆ ಇಟ್ಟು ನೋಡಬಲ್ಲರು.

ಸ್ಪೀಕರ್ ಉಬ್ಬಿದಂತೆ ಕಾಣ್ತಿದೆ, ಸಿಹಿ ವಾಸನೆ ಬರ್ತಿದೆ.

ಚಾರ್ಜಿಗೆ ಹಾಕಬೇಡಿ. ಒತ್ತಬೇಡಿ, ಚುಚ್ಚಬೇಡಿ. ಮನೆಯ ಹೊರಗೆ, ನೆರಳಿನಲ್ಲಿ, ಮರಳು ತುಂಬಿದ ಮಣ್ಣಿನ ಪಾತ್ರೆಯಲ್ಲೋ ತಗಡಿನ ಡಬ್ಬಿಯಲ್ಲೋ ಇಡಿ, ಮುಚ್ಚಳ ಬಿಗಿಯಬೇಡಿ. ಚಾರ್ಜ್ ಆಗುವಾಗ ಹೊಗೆ ಬಂದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಮಕ್ಕಳನ್ನು ಹೊರಗೆ ಕಳಿಸಿ, ಹೊಗೆ ಕುಡಿಯಬೇಡಿ. ಕರೆಂಟು ಕಡಿದ ಮೇಲೆ ದೂರದಿಂದ ಜಾಸ್ತಿ ನೀರು ಸುರಿಯಬಹುದು, ಲಿಥಿಯಂ ಅಯಾನ್ ಸೆಲ್ಲನ್ನು ತಣ್ಣಗೆ ಮಾಡೋದೇ ಮುಖ್ಯ. ಬೆಂಕಿ ಹಬ್ಬಿದರೆ 112ಕ್ಕೆ ಫೋನ್ ಮಾಡಿ.

ಚಾರ್ಜ್ ಆಯ್ತು, ಆದರೆ ಹತ್ತು ನಿಮಿಷಕ್ಕೇ ಬಂದ್ ಆಗುತ್ತೆ.

ಸೆಲ್ಲಿನ ಶಕ್ತಿ ಹೋಗಿದೆ. ವಾಲ್ಯೂಮ್ ಕಡಿಮೆ ಇಟ್ಟರೆ ನಡೆದು, ಜಾಸ್ತಿ ಮಾಡಿದ ಕೂಡಲೇ ಬಂದ್ ಆದರೆ ಅದೂ ಸೆಲ್ಲಿನದೇ ತಪ್ಪು. ಒಂದೆರಡು ಸಲ ಪೂರ್ತಿ ಚಾರ್ಜ್ ಮಾಡಿ ಬಾರಿಸಿ ನೋಡಿ, ಅದೇ ರೀತಿ ಮುಂದುವರಿದರೆ ಬದಲಿಸಿ.

ಹೊಸ ಸೆಲ್ ಹಾಕಿಸುವಾಗ ಏನು ನೋಡಬೇಕು?

ಹಳೇದರ ಫೋಟೋ ತೆಗೆದುಕೊಳ್ಳಿ. ಉದ್ದ ದುಂಡು ಸೆಲ್ ಆದರೆ ಬಹಳ ಮಟ್ಟಿಗೆ 18650, ಅಂದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಚಪ್ಪಟೆ ಆದರೆ ದಪ್ಪ, ಅಗಲ, ಉದ್ದ ಮೂರೂ ತಾಳೆಯಾಗಬೇಕು. 3.7 ವೋಲ್ಟಿಗೆ 3.7 ವೋಲ್ಟೇ. ರಕ್ಷಣಾ ಬೋರ್ಡು ಇದ್ದ ಜಾಗಕ್ಕೆ ಬೋರ್ಡು ಇರೋದೇ ಬೇಕು. ಮೂರು ವೈರು ಇದ್ದರೆ ಮೂರನೆಯದು ಸಾಮಾನ್ಯವಾಗಿ ಬಿಸಿ ಅಳೆಯುವ ಸೆನ್ಸರಿನದು, ಅದನ್ನು ಕತ್ತರಿಸಿ ಎರಡು ವೈರಿನ ಬ್ಯಾಟರಿ ಹಾಕಿದರೆ ಕೆಲವು ಸ್ಪೀಕರ್ ಚಾರ್ಜೇ ಆಗುವುದಿಲ್ಲ, ಚಾರ್ಜ್ ಆದವು ಬಿಸಿಯಾದಾಗ ನಿಲ್ಲುವುದಿಲ್ಲ.

ದುಂಡು ಸೆಲ್ಲಿನ ಮೇಲೆ 5000, 9800 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) ಅಂತ ಬರೆದಿದ್ದರೆ ಅದು ಸುಳ್ಳು. ಮಾಮೂಲಾಗಿ ಸಿಗುವ 18650ರಲ್ಲಿ 3500ರ ಆಸುಪಾಸೇ ದೊಡ್ಡದು. ಕಡಿಮೆ ಬರೆದದ್ದು ನಿಜ ಇರುವ ಸಾಧ್ಯತೆ ಜಾಸ್ತಿ, ಅದನ್ನೇ ತಗೊಳ್ಳಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಅನ್ನೋ ನಂಬರ್ ಇದೆಯಾ ಅಂತ ನೋಡಿ. ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಿಸಬೇಡಿ, ಆ ಕಾವು ಒಳಗಿನ ಪದರ ಕೆಡಿಸುತ್ತೆ. ಪಟ್ಟಿ ಮೊದಲೇ ಅಂಟಿಸಿರುವ ಸೆಲ್ ಕೇಳಿ. ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಅಗ್ಗಕ್ಕೆ ಸಿಕ್ಕರೂ ಬೇಡ.

ಚಕ್ರ ಇರುವ ದೊಡ್ಡ ಟ್ರಾಲಿ ಸ್ಪೀಕರ್. ಅದಕ್ಕೂ ಇದೇ ಮಾತಾ?

ಅಲ್ಲ, ಅದು ಬೇರೆಯೇ. ಅವುಗಳಲ್ಲಿ ಬಹಳಷ್ಟಕ್ಕೆ 12 ವೋಲ್ಟಿನ ಸೀಲ್ಡ್ ಸೀಸದ ಬ್ಯಾಟರಿ ಇರುತ್ತೆ. ಔಷಧ ಹೊಡೆಯುವ ಬ್ಯಾಟರಿ ಪಂಪಿನಲ್ಲೂ ಸಾಮಾನ್ಯವಾಗಿ ಇರೋದು ಅದೇ ಜಾತಿ. ಸೀಸದ ಬ್ಯಾಟರಿಯನ್ನು ಖಾಲಿ ಇಟ್ಟರೆ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಮೊದಲು ಹಿಂದಿನ ಫ್ಯೂಸ್ ನೋಡಿ, ಎಷ್ಟೋ ಸಲ ಅಷ್ಟೇ ಹೋಗಿರುತ್ತೆ. ಅದು ಸರಿ ಇದ್ದರೆ ಬ್ಯಾಟರಿ ವೋಲ್ಟೇಜ್ ಅಳೆಯಿರಿ. ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಒಳ್ಳೆ ಬ್ಯಾಟರಿ 12.7ರ ಹತ್ತಿರ ಇರುತ್ತೆ. 10.5ರ ಕೆಳಗೆ ಇದ್ದರೆ ಪೂರ್ತಿ ಖಾಲಿ. 4.5 ಎಎಚ್ (ಅಂದ್ರೆ 4500 ಎಂಎಎಚ್) ಬ್ಯಾಟರಿಗೆ ಅರ್ಧ ಆಂಪಿಯರಿಗಿಂತ ಕಡಿಮೆ ಕರೆಂಟು ಕೊಟ್ಟು, 14.4 ವೋಲ್ಟ್ ದಾಟದಂತೆ, ಒಂದು ದಿನ ನಿಧಾನಕ್ಕೆ ಚಾರ್ಜ್ ಮಾಡಿಸಿ ನೋಡಬಹುದು. ಆಮೇಲೂ ರಾತ್ರಿ ಕಳೆದು ನೋಡಿದರೆ 12ರ ಕೆಳಗೆ ಇಳಿದಿದ್ದರೆ ಹೊಸದೇ ಬೇಕು. ತಪ್ಪು ಬ್ಯಾಟರಿಯದಾ ಸ್ಪೀಕರಿನದಾ ಅಂತ ಅನುಮಾನ ಇದ್ದರೆ ಹಳೇ ಬ್ಯಾಟರಿಯ ವೈರು ಪೂರ್ತಿ ಬಿಚ್ಚಿ, ಪಂಪಿನ ಚಾರ್ಜ್ ಆದ 12 ವೋಲ್ಟ್ ಸೀಸದ ಬ್ಯಾಟರಿಯನ್ನು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಹಾಕಿ ನೋಡಿ. ಹಾಡು ಬಂದರೆ ಸ್ಪೀಕರ್ ಚೆನ್ನಾಗಿದೆ.

ಬೇಸಿಗೆಯಲ್ಲಿ ಚಾರ್ಜ್ ಮಾಡೋಕೆ ಯಾವ ಹೊತ್ತು ಒಳ್ಳೇದು?

ಬೆಳಗಿನ ಜಾವ. ಲಿಥಿಯಂ ಸೆಲ್ಲನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಒಳಗೇ ಚಾರ್ಜ್ ಮಾಡಬೇಕು ಅಂತ ತಯಾರಿಸುವವರು ಹೇಳ್ತಾರೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟೋದು ಮಾಮೂಲು, ತಗಡಿನ ಶೆಡ್ಡಿನ ಒಳಗೆ ಇನ್ನೂ ಜಾಸ್ತಿ. ಚಾರ್ಜ್ ಆಗುವಾಗ ಸೆಲ್ಲು ತಾನೂ ಕಾಯುತ್ತೆ. ಮಧ್ಯಾಹ್ನ ಚಾರ್ಜ್ ಆಗದೆ ನಿಂತ ಸ್ಪೀಕರ್ ಬೆಳಿಗ್ಗೆ ಆರು ಗಂಟೆಗೆ ಸಲೀಸಾಗಿ ಚಾರ್ಜ್ ಆದರೆ ಕಾರಣ ಇದೇ, ಒಳಗಿನ ಸೆನ್ಸರ್ ತಡೆದಿರುತ್ತೆ.

ಮತ್ತೆ ಎತ್ತಿಡುವಾಗ ಹೇಗೆ ಇಡಬೇಕು?

ಸಣ್ಣ ಸ್ಪೀಕರ್ ಆದರೆ ಅರ್ಧ ಚಾರ್ಜ್ ಇರಲಿ. ಪೂರ್ತಿ ತುಂಬಿ ಇಡೋದೂ ತಪ್ಪೇ. 40 ಡಿಗ್ರಿ ಸೆಕೆಯಲ್ಲಿ ಪೂರ್ತಿ ಚಾರ್ಜ್ ಆಗಿ ವರ್ಷ ಕೂತ ಸೆಲ್ಲು ತನ್ನ ಶಕ್ತಿಯ ಮೂರನೇ ಒಂದು ಪಾಲನ್ನೇ ಕಳಕೊಳ್ಳಬಹುದು, ಅರ್ಧಕ್ಕಿಂತ ಕಡಿಮೆ ಇದ್ದದ್ದು ಅದರ ಅರ್ಧದಷ್ಟೂ ಕಳಕೊಳ್ಳಲ್ಲ. ಮೂರು ತಿಂಗಳಿಗೊಮ್ಮೆ ತೆಗೆದು ಒಂದು ಗಂಟೆ ಚಾರ್ಜ್ ಮಾಡಿ. ಅಟ್ಟ ಬೇಡ, ಆರ್‌ಸಿಸಿ ಮನೆಯಲ್ಲಿ ಅತಿ ಹೆಚ್ಚು ಕಾಯೋದು ಅದೇ ಜಾಗ. ಕೆಳಗಿನ ಕಪಾಟಿನ ತಳದ ಖಾನೆ ಒಳ್ಳೇದು. ಟ್ರಾಲಿ ಸ್ಪೀಕರಿಗೆ ಮಾತ್ರ ಉಲ್ಟಾ, ಸೀಸದ ಬ್ಯಾಟರಿಯನ್ನು ಪೂರ್ತಿ ತುಂಬಿಯೇ ಇಡಬೇಕು. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ತುಂಬಿದರೆ ಇನ್ನೂ ಒಳ್ಳೇದು.

ಹಳೇ ಬ್ಯಾಟರಿ ಎಲ್ಲಿ ಕೊಡೋದು?

ಸೀಸದ್ದಕ್ಕೆ ಬ್ಯಾಟರಿ ಅಂಗಡಿಯವರೇ ದುಡ್ಡು ಹಿಡಿದು ಕೊಡ್ತಾರೆ, ಹೊಸದು ಕೊಳ್ಳುವಾಗ ಹಳೇದನ್ನು ಒಯ್ಯಿರಿ. ಲಿಥಿಯಂ ಸೆಲ್ಲಿನ ಎರಡೂ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ ಕಂಪನಿಯ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ತಗೊಳ್ಳುವವರಿಗೋ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ತಗೊಂಡು ಮರುಬಳಕೆ ಮಾಡಿಸುವ ಹೊಣೆ ತಯಾರಕರದ್ದೇ. ಕಸದ ಗಾಡಿಗೆ ಹಾಕಿದರೆ ಅಲ್ಲಿ ಒತ್ತಿ ತುಂಬುವಾಗ ಬೆಂಕಿ ಹತ್ತಬಹುದು. ಗಾಡಿಯಲ್ಲಿ ನಿಂತಿರುವ ಪೌರಕಾರ್ಮಿಕರಿಗೆ ಅದು ನೇರ ಅಪಾಯ.

ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ಸೆಲ್ ಒಂದೇ ಹೋಗಿದ್ದರೆ ರಿಪೇರಿ ಮಾಡಿಸಿ, ನನ್ನ ಮಾತು ಇಷ್ಟೇ. ಸೌಂಡು ಚೆನ್ನಾಗಿರುವ ಸ್ಪೀಕರಿಗೆ ಹೊಸ ಸೆಲ್ ಬಿದ್ದರೆ ಇನ್ನೂ ಕೆಲವು ವರ್ಷ ಬರುತ್ತೆ. ನೀರು ಹೋಗಿ ಬೋರ್ಡೂ ಕಿಲುಬು ಹಿಡಿದಿದ್ದರೆ, ಸೆಲ್ಲೂ ಹೋಗಿದ್ದರೆ, ಜಾಕೂ ಅಲ್ಲಾಡ್ತಿದ್ದರೆ ಬಿಡಿ. ಅಂಗಡಿಯಲ್ಲಿ ಕೊಡುವಾಗ ಮೊದಲೇ ರೇಟು ಕೇಳಿ, ತೆಗೆದ ಹಳೇ ಸೆಲ್ಲನ್ನು ತೋರಿಸೋಕೆ ಹೇಳಿ, ಹೊಸದು ಹಾಕಿದ ಮೇಲೆ ಅಲ್ಲೇ ನಿಂತು ವಾಲ್ಯೂಮ್ ಪೂರ್ತಿ ಏರಿಸಿ ಒಂದು ಹಾಡು ಕೊನೆವರೆಗೂ ಕೇಳಿ, ಆಮೇಲೆ ದುಡ್ಡು ಕೊಡಿ.